ನಾರ್ಮಲ್ಲಾ ಸರ್, ಪ್ರೀಮಿಯಮ್ಮಾ?

ನಮ್ಮ ಬಂಧುಬಳಗದಲ್ಲಿ ಪೆಟ್ರೋಲಿನ ವಿಷಯಕ್ಕೆ ನಾನೇ ತಜ್ಞ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಸ್ಕೂಟರಿನ ಸೀಟು ಎತ್ತಿದರೆ ಹೆಲ್ಮೆಟ್ ಇಡುವ ಜಾಗ ಬಿಟ್ಟು ಬೇರೇನೂ ಗುರುತು ಸಿಗದವನು, ಪೆಟ್ರೋಲ್ ತಜ್ಞನಾದದ್ದು ಹೇಗೆ ಎಂದು ಕೇಳಬೇಡಿ. (ಕೇಳಿ. ಅದನ್ನು ಹೇಳುವುದಕ್ಕೇ ಈ ವಾರ ಕೂತಿದ್ದೇನೆ.)

ದಸರೆಗೆ ಮೊದಲು ಒಂದು ಬೆಳಿಗ್ಗೆ ಶಿವಮೊಗ್ಗದ ವಿನೋಬನಗರದ ನಮ್ಮ ಮನೆ ಹತ್ತಿರದ ಬಂಕಿಗೆ ಹೋಗಿದ್ದೆ. ನಮ್ಮದು ಎಲ್ಲರ ಮನೆಯಲ್ಲೂ ಇರುವಂಥ ಸಾಧಾರಣ ಸ್ಕೂಟರು. ಗಂಡ ಹೆಂಡತಿ ಇಬ್ಬರಿಗೂ ಅದೇ. ಅವಳು ಶಾಲೆಗೆ ಒಯ್ಯುತ್ತಾಳೆ, ಉಳಿದ ಹೊತ್ತಿನಲ್ಲಿ ನನಗೆ ಸಿಗುತ್ತದೆ. ಬಂಕಿನಾಕೆ ಪೈಪು ಕೈಗೆತ್ತಿಕೊಂಡು ಕೇಳಿದಳು: “ನಾರ್ಮಲ್ಲಾ ಸರ್, ಪ್ರೀಮಿಯಮ್ಮಾ?”

ಪ್ರಶ್ನೆ ಸರಳವಾಗಿಯೇ ಇತ್ತು. ಆದರೆ ನನ್ನ ಹಿಂದೆ ನಿಂತಿದ್ದವನು ಯಾರು? ನನ್ನದೇ ಕ್ಲಾಸಿನ ವಿದ್ಯಾರ್ಥಿ. ಎಮ್ಮೆ ಗಾತ್ರದ ಬೈಕಿನ ಮೇಲೆ ಕೂತಿದ್ದ. “ನಮಸ್ತೆ ಸರ್” ಎಂದು ಬೇರೆ ಅಂದ. ವರ್ಷಗಟ್ಟಲೆ ಸಾಮ್ರಾಜ್ಯಗಳ ಏಳುಬೀಳು ಬೋಧಿಸಿದ ಮೇಷ್ಟ್ರು ಶಿಷ್ಯನ ಎದುರು ತಾನು ‘ನಾರ್ಮಲ್’ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

“ಪ್ರೀಮಿಯಂ” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಮನೆ ಮುಟ್ಟುವಷ್ಟರಲ್ಲಿ ಪವಾಡ ನಡೆದುಹೋಗಿತ್ತು. ಗಾಡಿಯ ಸದ್ದು ಇಳಿದಿದೆ! ಪಿಕಪ್ ಏರಿದೆ! ರಸ್ತೆಯ ಹಂಪುಗಳು ಕೂಡ ಒಂದಿಷ್ಟು ತಗ್ಗಿದ ಹಾಗಿದೆ! (ಪೆಟ್ರೋಲಿಗೂ ಹಂಪಿಗೂ ಏನು ಸಂಬಂಧ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.)

ನನ್ನ ಹೆಂಡತಿ ವಸುಧಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳ ಮುಂದೆ ಈ ಪವಾಡ ವರ್ಣಿಸಿದ್ದು ನಾನು ಮಾಡಿದ ಮೊದಲ ತಪ್ಪು.

“ರೀ, ಪ್ರೀಮಿಯಂನಲ್ಲಿ ಜಾಸ್ತಿ ಇರೋದು ಆಕ್ಟೇನ್. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ. ತಾಳ್ಮೆ” ಅಂದಳು, ಹುರುಳಿಕಾಯಿ ಮುರಿಯುತ್ತಾ.

“ತಾಳ್ಮೆನಾ?”

“ಹೂಂ. ಎಂಜಿನ್ ಒಳಗೆ ಪೆಟ್ರೋಲು, ಗಾಳಿ ಎರಡನ್ನೂ ಸೇರಿಸಿ ಹಿಂಡುತ್ತೆ. ಪ್ಲಗ್ಗು ಕಿಡಿ ಕೊಡೋ ತನಕ ಅದು ಸುಮ್ನಿರಬೇಕು. ಅದಕ್ಕೂ ಮುಂಚೆ ತಾನಾಗೇ ಹತ್ಕೊಂಡ್ರೆ ಎಂಜಿನ್ ಟಕಟಕ ಅಂತ ಬಡ್ಕೊಳ್ಳುತ್ತೆ. ಜಾಸ್ತಿ ಹಿಂಡೋ ಎಂಜಿನ್ನಿಗೆ ಜಾಸ್ತಿ ತಾಳ್ಮೆ ಇರೋ ಪೆಟ್ರೋಲ್ ಬೇಕು. ನಮ್ಮ ಸ್ಕೂಟರ್ ಅಷ್ಟೆಲ್ಲ ಹಿಂಡಲ್ಲ. ಒತ್ತಡಾನೇ ಇಲ್ಲದ ಕಡೆ ಅಷ್ಟು ತಾಳ್ಮೆ ಇಟ್ಕೊಂಡು ಏನ್ ಮಾಡ್ತೀರಿ?”

“ಪುಸ್ತಕದ ಮಾತು ಬೇರೆ ಮಾರಾಯ್ತಿ, ಅನುಭವ ಬೇರೆ” ಅಂದೆ.

“ಸ್ಕೂಟರ್ ಜೊತೆ ಕೊಟ್ಟ ಪುಸ್ತಕದಲ್ಲೂ ನಾರ್ಮಲ್ ಸಾಕು ಅಂತಾನೇ ಇದೆ. ಕವರ್ ಬಿಚ್ಚಿ ನೋಡಿದೀರಾ?”

ನೋಡಿರಲಿಲ್ಲ. ಆದರೆ ಭಕ್ತನಿಗೆ ಯಾವ ಪುಸ್ತಕ ಏನು ಮಾಡೀತು? ಅವತ್ತಿನಿಂದ ವಸುಧಾ ನನ್ನ ಪೆಟ್ರೋಲಿಗೆ ‘ಪ್ರೀಮಿಯಮ್ಮ’ ಎಂದು ಹೆಸರಿಟ್ಟಳು. ಮಾರಿಯಮ್ಮ, ಚೌಡಮ್ಮನ ಸಾಲಿಗೆ ಇನ್ನೊಬ್ಬ ದೇವತೆ. ನಾನು ಬಗ್ಗಲಿಲ್ಲ. ಬಂಕಿನ ಕ್ಯೂ ನನಗೆ ಆಗಿಬರುವುದಿಲ್ಲವಾದ್ದರಿಂದ ಪೆಟ್ರೋಲ್ ಹಾಕಿಸುವ ಕೆಲಸ ಮಾತ್ರ ಅವಳ ಪಾಲಿಗೆ ಬಂತು. “ಪ್ರೀಮಿಯಮ್ಮೇ ಹಾಕಿಸು” ಎಂದು ಕೂತಲ್ಲಿಂದ ನೆನಪಿಸುವ ಕೆಲಸ ನನ್ನ ಪಾಲಿಗೆ. ಇದಕ್ಕೆ ಸಂಸಾರದಲ್ಲಿ ಕೆಲಸ ಹಂಚಿಕೊಳ್ಳುವುದು ಎನ್ನುತ್ತಾರೆ.

ಕಾರ್ತಿಕದಲ್ಲಿ ಒಂದು ಭಾನುವಾರ ಸ್ಕೂಟರಿನಲ್ಲೇ ಭದ್ರಾವತಿಗೆ ಹೋದೆ. ಜನ್ನಾಪುರದಲ್ಲಿ ನಮ್ಮ ಅಕ್ಕನ ಮನೆ. ಭಾವ ಶ್ರೀಕಂಠಯ್ಯನವರು ಕಾರ್ಖಾನೆಯ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ಅವರ ಹಳೆಯ ಕಾರಿಗೆ ಆಗ ಕಾಯಿಲೆ. ಸಣ್ಣ ಏರು ಬಂದರೂ ಸಾಕು, ದಮ್ಮು ಕಟ್ಟಿದವರ ಹಾಗೆ ಮುಗ್ಗರಿಸುತ್ತಿತ್ತು. ಮರುದಿನ ಗ್ಯಾರೇಜಿಗೆ ಬಿಡುವುದೆಂದು ಮಾತಾಗಿತ್ತು.

“ಗ್ಯಾರೇಜಿಗೆ ಬಿಟ್ರೆ ಒಂದಕ್ಕೆ ಹತ್ತು ಹೇಳ್ತಾರೆ ಭಾವ. ಮೊದ್ಲು ಪೆಟ್ರೋಲ್ ಬದಲಾಯಿಸಿ ನೋಡಿ” ಅಂದೆ.

ಅಕ್ಕ ಕಾಫಿ ಲೋಟ ಇಡುತ್ತಾ ನಕ್ಕಳು. “ಇವನ ಮಾತು ಕೇಳಿ ಕಾರ್ ಓಡಿಸ್ತೀರಾ? ಬಿಚ್ಚಿಹೋದ ಸೈಕಲ್ ಚೈನ್ ಹಾಕೋಕೆ ಬರಲ್ಲ ಇವನಿಗೆ.”

ತಮ್ಮಂದಿರ ಮರ್ಯಾದೆ ಕಳೆಯುವುದಕ್ಕೆಂದೇ ದೇವರು ಅಕ್ಕಂದಿರನ್ನು ಮೊದಲು ಹುಟ್ಟಿಸುತ್ತಾನೆ. ಭಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜನ್ನಾಪುರ ಪೂರ್ತಿ ಒಂದು ರೌಂಡು ಹೊಡೆಸಿದೆ. ಸುಮ್ಮನೆ ಅಲ್ಲಲ್ಲಿ ನಿಲ್ಲಿಸಿ ಮತ್ತೆ ಹೊರಟೆ, ಪಿಕಪ್ ತಿಳಿಯಲಿ ಎಂದು.

“ಹೌದಲ್ಲೋ ಮಾರಾಯ! ಬೆಣ್ಣೆ ಹಂಗೆ ಹೋಗ್ತದೆ” ಅಂದರು ಭಾವ. ಇಳಿಯುವಾಗ ಸೀಟನ್ನು ಪ್ರೀತಿಯಿಂದ ತಟ್ಟಿದರು. ಗ್ಯಾರೇಜಿಗೆ ಫೋನ್ ಮಾಡಿ “ನಾಳೆ ಬರಲ್ಲಪ್ಪ, ಮೊದ್ಲು ಪ್ರೀಮಿಯಂ ಹಾಕಿಸಿ ನೋಡ್ತೀನಿ, ಬೇಕಾದ್ರೆ ಹೇಳ್ತೀನಿ” ಎಂದೂ ಅಂದುಬಿಟ್ಟರು. ಪೇಪರಿನಲ್ಲಿ ಬರೆಯುವವನು ಎಂದರೆ ಭಾವನಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಈಗ ಅಂಕಿತಾ ವಿಷಯಕ್ಕೆ ಬರುತ್ತೇನೆ. ಅಂಕಿತಾ ಅಕ್ಕ-ಭಾವನ ಮಗಳು. ಗಣಿತದಲ್ಲಿ ಎಂ.ಎಸ್ಸಿ., ಆಮೇಲೆ ಬಿ.ಎಡ್. ಓದು ಮುಗಿದ ಮೇಲೆ ಹೋದ ಇಂಟರ್‌ವ್ಯೂಗಳೆಲ್ಲ “ತಿಳಿಸ್ತೀವಿ” ಎಂಬಲ್ಲಿಗೆ ಮುಗಿದಿದ್ದವು. ಮೊನ್ನೆ ಮೊನ್ನೆ ಶಿವಮೊಗ್ಗದ ಒಂದು ಹೈಸ್ಕೂಲಿನಿಂದ ಕರೆ ಬಂತು. ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಎದುರು ಡೆಮೊ ಕ್ಲಾಸ್, ಆಮೇಲೆ ಇಂಟರ್‌ವ್ಯೂ. “ಬಸ್ಸಲ್ಲಿ ಹೋಗ್ತೀನಿ ಅಪ್ಪ” ಎಂದವಳಿಗೆ ಭಾವ, “ಸೀರೆ ಮುದುಡುತ್ತೆ, ಕಾರಲ್ಲಿ ಬಿಡ್ತೀನಿ” ಎಂದರಂತೆ.

ಒಂಬತ್ತು ದಾಟಿತ್ತು. ಮಧ್ಯಾಹ್ನ ಅವರು ಊಟಕ್ಕೆ ನಮ್ಮಲ್ಲಿಗೇ ಬರುವುದಿತ್ತು, ಅದಕ್ಕೆ ನಾವಿಬ್ಬರೂ ರಜೆ ಹಾಕಿದ್ದೆವು. ಭಾವನ ಫೋನು ಬಂತು.

“ಮಾಚೇನಹಳ್ಳಿ ಹತ್ರ ಕಾರ್ ನಿಂತೋಯ್ತು ಮಾರಾಯ. ಏನ್ ಮಾಡಿದ್ರೂ ಸ್ಟಾರ್ಟ್ ಆಗ್ತಿಲ್ಲ. ಜಲ್ದಿ ಬಾ.”

ಕಾರು ನಿಂತದ್ದು ಯಾರ ಸಲಹೆಯ ಫಲ ಎಂದು ಭಾವ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೆಲ್ಮೆಟ್ ಎರಡು ಹಿಡಿದು ಓಡಿದೆ.

ಮಾಚೇನಹಳ್ಳಿಯ ರಸ್ತೆ ಬದಿಯಲ್ಲಿ ಕಂಡ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರಿನ ಬಾನೆಟ್ ಬಾಯಿ ತೆರೆದಿದೆ. ಭಾವ ಅದರೊಳಗೆ ತಲೆ ತೂರಿಸಿ ಏನನ್ನೋ ನೋಡುತ್ತಿದ್ದಾರೆ. (ಏನನ್ನು ನೋಡಬೇಕು ಎಂದು ಅವರಿಗೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಗಂಡಸರು ನೋಡಲೇಬೇಕಾದ್ದರಿಂದ ನೋಡುತ್ತಿದ್ದಾರೆ.) ಅಂಕಿತಾ ತಿಳಿ ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು, ಎದೆಗೆ ಫೈಲು ಅವಚಿಕೊಂಡು, ಧೂಳಿನಲ್ಲಿ ನಿಂತಿದ್ದಾಳೆ. ನನ್ನ ಮುಖ ನೋಡಲಿಲ್ಲ.

“ಹತ್ತು ಮಗಾ, ಹತ್ತು. ನಿನ್ ಮಾಮನ ಗಾಡಿ ಹೆಂಗ್ ಹೋಗುತ್ತೆ ನೋಡು” ಅಂದರು ಭಾವ. ಆ ಪರಿಸ್ಥಿತಿಯಲ್ಲೂ!

ಆಮೇಲೆ ನಾನು ಓಡಿಸಿದ ರೀತಿಯನ್ನು ಇಲ್ಲಿ ಪೂರ್ತಿ ಬರೆದರೆ ನಾಳೆ ಪೊಲೀಸರು ಮನೆಗೆ ಬಂದಾರು. ಲಾರಿ ಹಿಂದೆ ಹಾಕಿದೆ. ಟ್ರಾಕ್ಟರ್ ಹಿಂದೆ ಹಾಕಿದೆ. ಅಷ್ಟು ಹೊತ್ತು ಸುಮ್ಮನೆ ಓಡಿಸಿದ್ದರೆ ಸಾಕಿತ್ತಲ್ಲವೇ? ಬಾಯಿಯೂ ಓಡುತ್ತಿತ್ತು.

“ನೋಡು ಅಂಕಿತಾ, ಇಬ್ಬರು ಕೂತಿದ್ರೂ ಹೆಂಗ್ ಎಳೀತಿದೆ! ಇದು ಪ್ರೀಮಿಯಂ ಪೆಟ್ರೋಲಿನ ತಾಕತ್ತು!”

“ಮಾಮ, ರಸ್ತೆ ನೋಡಿ” ಅಂದಳು ಅವಳು.

ಹತ್ತಕ್ಕೆ ಸ್ವಲ್ಪ ಮೊದಲೇ ಶಾಲೆಯ ಗೇಟಿನಲ್ಲಿ ಇಳಿಸಿದೆ. ಹೆಲ್ಮೆಟ್ ತೆಗೆದಾಗ ಅವಳ ಕೂದಲು ನಾಲ್ಕು ದಿಕ್ಕಿಗೂ ನಿಂತಿತ್ತು. ಕೈಯಲ್ಲೇ ಒತ್ತಿಕೊಂಡು, ಹಿಂದೆ ತಿರುಗಿ ನೋಡದೆ ಒಳಗೆ ಓಡಿದಳು. ಗೇಟಿನ ಹೊರಗೆ ನಿಂತವನಿಗೆ ಆಗ ಮೊದಲ ಸಲ ಅಳುಕು ಹುಟ್ಟಿತು. ಕಾರು ಇನ್ನೂ ದೂರದಲ್ಲಿ ಕೆಟ್ಟಿದ್ದರೆ? ನಾನು ಮನೆಯಲ್ಲೇ ಇಲ್ಲದಿದ್ದರೆ? ಎಷ್ಟೋ ಸಲ “ತಿಳಿಸ್ತೀವಿ” ಕೇಳಿಸಿಕೊಂಡ ಹುಡುಗಿ ಈ ಸಲ ಅದನ್ನೂ ಕೇಳಿಸಿಕೊಳ್ಳದೆ ವಾಪಸ್ಸಾಗಬೇಕಿತ್ತು. ನನ್ನ ಒಂದು ರೌಂಡಿನ ದೆಸೆಯಿಂದ.

ಆದರೆ ಮನುಷ್ಯನ ಅಳುಕು ಎಷ್ಟು ಹೊತ್ತು ಇದ್ದೀತು? ಮಧ್ಯಾಹ್ನ ಎಲ್ಲರೂ ವಿನೋಬನಗರದ ನಮ್ಮ ಮನೆಯಲ್ಲಿ ಊಟಕ್ಕೆ ಸೇರಿದೆವು. ಕಾರನ್ನು ಗ್ಯಾರೇಜಿನವರು ಎಳೆದುಕೊಂಡು ಹೋಗಿದ್ದರು. ಕ್ಲಾಸು ಚೆನ್ನಾಗಿ ಆಯಿತು ಎಂದಳು ಅಂಕಿತಾ. ಅಷ್ಟು ಸಾಕಾಯಿತು ನನಗೆ. ಸಾರನ್ನ ಕಲಸುವಷ್ಟರಲ್ಲಿ ನಾನು ಮತ್ತೆ ವೀರ. ಲಾರಿ ಹಿಂದೆ ಹಾಕಿದ್ದು, ಟ್ರಾಕ್ಟರ್ ಹಿಂದೆ ಹಾಕಿದ್ದು, ಪಿಕಪ್, ಎಲ್ಲ ವರ್ಣಿಸಿದೆ. ಭಾವ ತಲೆಯಾಡಿಸಿದರು. ವಸುಧಾ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಪ್ರೀಮಿಯಮ್ಮನ ಹೆಸರು ಹಿಡಿದು ಗೇಲಿ ಮಾಡಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಸಂಜೆ ತರಕಾರಿಗೆಂದು ಇಬ್ಬರೂ ಹೊರಟೆವು. ಓಡಿಸುತ್ತಿದ್ದವಳು ವಸುಧಾ. ದಾರಿಯಲ್ಲಿ ಬಂಕಿಗೆ ತಿರುಗಿಸಿದಳು. ಅದೇ ಬಂಕಿನಾಕೆ. ನನ್ನನ್ನು ಕೇಳಿದ ಪ್ರಶ್ನೆಯನ್ನು ಇವಳಿಗೆ ಕೇಳಲೇ ಇಲ್ಲ! ನೇರವಾಗಿ ನಾರ್ಮಲ್ ಪೈಪು ಎತ್ತಿಕೊಂಡು ಹಾಕತೊಡಗಿದಳು.

“ಏಯ್, ನಮ್ಮದು ಪ್ರೀಮಿಯಂ!” ಎಂದೆ ಹಿಂದಿನಿಂದ.

ಆಕೆ ತಬ್ಬಿಬ್ಬಾದಳು. “ಇಲ್ಲ ಸರ್, ಮೇಡಂ ಯಾವಾಗ್ಲೂ ನಾರ್ಮಲ್ಲೇ ಹಾಕಿಸೋದು.”

ವಸುಧಾ ಮುಂದೆ ನೋಡುತ್ತಿದ್ದಳು. ಅವಳ ಭುಜ ಮಾತ್ರ ಸಣ್ಣಗೆ ಅಲುಗುತ್ತಿತ್ತು.

“ಯಾವಾಗಿಂದ?” ಎಂದು ಕೇಳಿದೆ, ಬಂಕು ದಾಟಿದ ಮೇಲೆ.

“ದೀಪಾವಳಿ ಆದ್ಮೇಲೆ.”

“ಅಂದ್ರೆ ಭಾವನ್ನ ರೌಂಡ್ ಹೊಡೆಸಿದಾಗ?”

“ನಾರ್ಮಲ್ಲು.”

“ನಿನ್ನೆ?”

“ನಾರ್ಮಲ್ಲೇ. ಪಾಪ, ಆ ಸ್ಕೂಟರ್ ತನ್ನ ಪಾಡಿಗೆ ತಾನು ದುಡಿದಿದೆ. ಹೆಸರು ಇನ್ಯಾರಿಗೋ ಕೊಟ್ರಿ.”

“ನಿನ್ನೆ ಊಟದ ಹೊತ್ತಲ್ಲಿ ಹೇಳಬಹುದಿತ್ತಲ್ಲ?”

“ಭಾವನ ಎದುರಿಗಾ? ಅಷ್ಟು ಖುಷಿಯಾಗಿ ಹೇಳ್ತಿದ್ರಿ ರೀ. ಮನಸ್ಸು ಬರಲಿಲ್ಲ” ಅಂದಳು.

ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಹೀಗಂದರೆ ಏನು ಮಾಡುವುದು? ಟೊಮೆಟೊ ಆರಿಸುವಾಗಲೂ ನನಗೆ ಒಂದೇ ಯೋಚನೆ. ಸೌಂಡು ಇಳಿದದ್ದು, ಪಿಕಪ್ ಏರಿದ್ದು ಎಲ್ಲ ಎಲ್ಲಿ ನಡೆದಿತ್ತು? ಎಂಜಿನ್ನಿನಲ್ಲಂತೂ ಅಲ್ಲ. ನಮ್ಮ ಪಕ್ಕದ ಮನೆಯವರು ದುಬಾರಿ ಶಾಂಪೂ ಹಾಕಿ ಕೂದಲು ದಪ್ಪವಾಯಿತು ಎಂದಾಗ ನಕ್ಕವನು ನಾನು. ಸಹೋದ್ಯೋಗಿ ಮಗನನ್ನು ಇದ್ದುದರಲ್ಲೇ ದುಬಾರಿ ಟ್ಯೂಷನ್ನಿಗೆ ಸೇರಿಸಿ ‘ಒಂದೇ ವಾರಕ್ಕೆ ಶಾರ್ಪ್ ಆಗಿದಾನೆ’ ಎಂದಾಗ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದವನೂ ನಾನೇ. ಜಾಸ್ತಿ ಕೊಟ್ಟ ಮೇಲೆ ಜಾಸ್ತಿ ಬಂದಿದೆ ಎಂದು ಅನ್ನಿಸಲೇಬೇಕು. ಇಲ್ಲದಿದ್ದರೆ ನಮ್ಮನ್ನು ನಾವೇ ದಡ್ಡರೆಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ?

ಭಾವನ ಹತ್ತಿರ ಹೋಗಿ ಹೇಳಿಬಿಡಬೇಕು ಎಂದು ನಿರ್ಧರಿಸಿದೆ. ಮುಂದಿನ ಭಾನುವಾರ ಜನ್ನಾಪುರಕ್ಕೆ ಹೋದಾಗ ಮನೆಯಲ್ಲಿ ಸಿಹಿ ಮಾಡಿದ್ದರು. ಅಂಕಿತಾಗೆ ಕೆಲಸ ಸಿಕ್ಕಿತ್ತು! ಸೋಮವಾರದಿಂದ ದಿನಾ ಶಿವಮೊಗ್ಗಕ್ಕೆ.

“ಹೇಗೆ ಹೋಗ್ತೀಯ?” ಅಂದೆ.

“ಬಸ್ಸಲ್ಲಿ. ಅವತ್ತು ಕೂಡ ಮಾಚೇನಹಳ್ಳೀಲಿ ಒಂದು ಬಸ್ ಕೈ ತೋರ್ಸಿದ್ದಕ್ಕೆ ನಿಂತಿತ್ತು ಮಾಮ. ಸೀಟೂ ಇತ್ತು. ಅಪ್ಪನೇ ‘ಬೇಡ, ಮಾಮನ ಗಾಡಿ ಇನ್ನೂ ಫಾಸ್ಟು’ ಅಂದ್ರು.” ಆಮೇಲೆ ನಗುತ್ತಾ ಸೇರಿಸಿದಳು: “ಬಸ್ಸು ಓಡೋದು ಡೀಸೆಲ್ಲಲ್ಲಿ. ದಯವಿಟ್ಟು ಅದಕ್ಕೇನೂ ಸಲಹೆ ಕೊಡಬೇಡಿ.”

ಅಕ್ಕ ಒಳಗಿನಿಂದ ನಕ್ಕದ್ದು ಕೇಳಿಸಿತು.

ಭಾವ ನನ್ನ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದರು. ರಿಪೇರಿಯಾಗಿ ಬಂದ ಕಾರು. ಕೂರಿಸಿಕೊಂಡು ಹೊರಟರು. ಕಾರು ನಿಜವಾಗಿಯೂ ಚೆನ್ನಾಗಿ ಓಡುತ್ತಿತ್ತು.

“ನೋಡೋ ಪಿಕಪ್ಪು! ನೀನ್ ಹೇಳಿದ್ದು ಸರಿ ಮಾರಾಯ.”

“ಭಾವ, ಗ್ಯಾರೇಜಲ್ಲಿ ಏನ್ ಮಾಡಿದ್ರು?”

“ಪೆಟ್ರೋಲ್ ಫಿಲ್ಟರ್ ಕಸ ಕಟ್ಕೊಂಡಿತ್ತಂತೆ, ಬದಲಾಯಿಸಿದ್ರು. ಪ್ಲಗ್ಗೂ ಹೊಸಾದು ಹಾಕಿದ್ರು.”

“ಅದಕ್ಕೇ ಚೆನ್ನಾಗಿ ಓಡ್ತಿದೆ. ಪೆಟ್ರೋಲಿಂದ ಅಲ್ಲ.”

“ಹಂಗಲ್ವೋ! ಪ್ರೀಮಿಯಂ ಒಳಗೆ ಹೋಗಿ ಹಳೇ ಕಸಾನೆಲ್ಲ ಕೆರೆದು ತಂದು ಫಿಲ್ಟರಿಗೆ ಸೇರಿಸಿದೆ. ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಕಾರ್ ನಿಂತಿದ್ದು!”

ನಾನು ಎಲ್ಲವನ್ನೂ ಹೇಳಿದೆ. ವಸುಧಾ ನಾರ್ಮಲ್ ಹಾಕಿಸಿದ್ದು, ನಾನು ಹೊಡೆಸಿದ ರೌಂಡು ಸುಳ್ಳಾಗಿದ್ದು, ಗ್ಯಾರೇಜಿಗೆ ಹೋಗದಂತೆ ತಡೆದದ್ದು ನನ್ನ ತಪ್ಪು, ಎಲ್ಲ. ಆಕ್ಟೇನ್ ಎಂದರೆ ತಾಳ್ಮೆ ಎಂಬುದನ್ನೂ ಹೇಳಿದೆ. ಭಾವ ಬಹಳ ತಾಳ್ಮೆಯಿಂದ ಕೇಳಿಸಿಕೊಂಡರು.

“ಅವತ್ತು ಹೇಳಿದ್ದು ತಪ್ಪು ಅಂತೀಯ?”

“ಹೌದು ಭಾವ.”

“ಹಂಗಾದ್ರೆ ಇವತ್ತು ಹೇಳ್ತಿರೋದು ಸರಿ ಅಂತ ಹೆಂಗೋ ನಂಬ್ಲಿ?”

ಉತ್ತರವಿದ್ದರೆ ನೀವೇ ಹೇಳಿ.

ವಾಪಸ್ ಬಂದು ಮನೆ ಮುಂದೆ ಇಳಿಯುತ್ತಿದ್ದೆವು. ಪಕ್ಕದ ಮನೆಯ ಮುರುಗೇಶಣ್ಣ ಕಾಂಪೌಂಡಿನ ಆಚೆಯಿಂದ ಕೈ ಮುಗಿದರು. ಭಾವನ ಜೊತೆಗೇ ಕಾರ್ಖಾನೆಯಲ್ಲಿದ್ದವರು. ಮನೆಮಾತು ತಮಿಳು.

“ಸಾರ್, ಪೆಟ್ರೋಲ್ ವಿಷಯ ಹೇಳಿದ್ದು ನೀವೇ ತಾನೇ? ನಾನೂ ಮೊಪೆಡ್ಡಿಗೆ ಅದೇ ಹಾಕ್ತಾ ಇದೀನಿ ಸಾರ್. ಸೂಪರ್!”

“ಇಲ್ಲ ಮುರುಗೇಶಣ್ಣ, ಅದರಿಂದ ಏನೂ ಉಪಯೋಗ ಇಲ್ಲ. ನಾರ್ಮಲ್ ಸಾಕು” ಅಂದೆ, ಆದಷ್ಟು ಸ್ಪಷ್ಟವಾಗಿ.

ಮುರುಗೇಶಣ್ಣನ ಮುಖ ಬಾಡಿತು. ಭಾವನ ಕಡೆ ನೋಡಿದರು. ಭಾವ ‘ಅವನ ಮಾತಿಗೆ ಬೆಲೆ ಕೊಡಬೇಡಿ’ ಎನ್ನುವ ಹಾಗೆ ಕಣ್ಣು ಮಿಟುಕಿಸಿದರು. ಮುರುಗೇಶಣ್ಣ ನನ್ನ ಕಡೆ ತಿರುಗಿ, ಇದೇ ಮೊದಲ ಬಾರಿಗೆ, ಬಹಳ ವಿನಯದಿಂದ ವಿಚಾರಿಸಿದರು: “ಸಾರ್, ನೀವು ಓದಿರೋದು ಹಿಸ್ಟರಿ ಅಲ್ವಾ?”

ತಪ್ಪು ಹೇಳುವಾಗ ಯಾರೂ ಕೇಳದ ಡಿಗ್ರಿಯನ್ನು ಸರಿ ಹೇಳುವಾಗ ಮಾತ್ರ ಯಾಕೆ ಕೇಳುತ್ತಾರೆ?