ನದಿಯ ದಂಡೆಯಲ್ಲಿ ನಿಂತ ರಾಣಿ

ನಾನು ಓದಿದ್ದು ಮೂರನೆಯ ಇಯತ್ತೆ. ಅದೂ ಪೂರ್ತಿಯಲ್ಲ. ಜೋಳದ ಸುಗ್ಗಿ ಬಂತೆಂದು ಅಪ್ಪ ನಡುವೆಯೇ ಸಾಲೆ ಬಿಡಿಸಿದ. ಅಂಥವನು ಇಷ್ಟುದ್ದ ಬರೆಯಲು ಕುಳಿತಿದ್ದೇನೆಂದರೆ ಅದು ನನ್ನ ಮೊಮ್ಮಗಳ ಪ್ರತಾಪ. ಹೋದ ಭಾದ್ರಪದದಿಂದ ಈ ಸಂತೋಷ ಎದೆಯಲ್ಲಿ ಹಿಡಿಸದೆ ಕಂಡಕಂಡವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಇನ್ನು ಕೇಳುವವರು ಉಳಿದಿಲ್ಲ, ಆದ್ದರಿಂದ ಕಾಗದ.

ನನ್ನ ಹೆಂಡತಿ ಒಂಬತ್ತು ವರ್ಷದ ನೋಂಪಿ ಹಿಡಿದಿದ್ದಳು. ವರ್ಷಕ್ಕೊಂದು ದಿನ ಉಪವಾಸವಿದ್ದು, ಆ ನೋಂಪಿಯ ಕಥೆಯನ್ನು ಹಾಡಿನಲ್ಲಿ ಕೇಳಬೇಕು. ಒಂಬತ್ತು ವರ್ಷ ತುಂಬಿದ ಮೇಲೆ ಕಥೆಯನ್ನು ಬರೆಸಿ ದಾನ ಕೊಟ್ಟರೆ ವ್ರತ ಮುಗಿಯಿತು. ಆಕೆ ತವರಿನಿಂದ ತಂದ ಕೈಬರಹದ ಪುಸ್ತಕವೊಂದಿತ್ತು. ಅದರಲ್ಲಿ ಗಂಡನಿಗೆ ಬೇಡವಾದ ರಾಣಿಯೊಬ್ಬಳು ಅಡವಿ ದಾಟಿ ತುಂಬಿದ ನದಿಯ ದಂಡೆಗೆ ಬಂದು ನಿಲ್ಲುತ್ತಾಳೆ. ಅಷ್ಟೇ. ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿತ್ತು.

ಬಸದಿಯ ಪೂಜಾರಿ ಉಪಾಧ್ಯೆಯವರು ಸಮಾಧಾನ ಹೇಳಿ ನೋಡಿದರು. "ಮುಂದಿಂದು ನಾ ಬಾಯಿಲೆ ಹೇಳತೇನಿ ತಂಗಿ. ರಾಜ ಬಂದ, ಕರಕೊಂಡ ಹೋದ, ಸುಖದಾಗ ಇದ್ದರು. ಎಲ್ಲಾ ಕಥಿನೂ ಹಂಗ ಮುಗಿತಾವ."

"ಎಲ್ಲಾ ಕಥಿ ನನಗ್ಯಾಕ್ರಿ? ಆಕಿದು ಹೆಂಗ ಮುಗೀತು ಅದನ್ನ ಹೇಳ್ರಿ" ಎಂದಳು ಇವಳು.

ಒಂಬತ್ತು ತುಂಬಿ ಹನ್ನೊಂದಾದರೂ ವ್ರತ ಮುಗಿಸಲಿಲ್ಲ. ಮೈ ಸೋತಿತ್ತು, ಉಪವಾಸ ತಾಳುತ್ತಿರಲಿಲ್ಲ. ಬಿಡು ಎಂದರೆ, "ಹನ್ನೊಂದ ವರ್ಷ ಆಕಿನ್ನ ನೀರಿನ ಬಾಜೂಕ ನಿಲ್ಲಿಸಿ ಬಂದೇನಿ. ಹಂಗ ಬಿಟ್ಟ ನಾ ಊಟಾ ಮಾಡ್ಲೇನು?" ಎನ್ನುವಳು. ಹೀಗೆ ನಾನು ಕಥೆ ಹುಡುಕುವವನಾದೆ.

ನಮ್ಮ ಊರು ನಾಗನೂರಿನಿಂದ ಮುದಲಗಿ ದೂರವಲ್ಲ. ಅಲ್ಲಿಯ ಅರಿವೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಅದೇ ಕಥೆಯ ಕಡೆಯ ಹಾಳೆಯೊಂದು ಮಾತ್ರ ಪೂಜೆಯ ಪೆಟ್ಟಿಗೆಯಲ್ಲಿತ್ತು. ಹಳೆಯ ಅಕ್ಷರ ನನಗೆ ಹತ್ತಲಿಲ್ಲ. ಯಜಮಾನರು ಒಂದು ಹೆಸರಿನ ಮೇಲೆ ಬೆರಳಿಟ್ಟು, "ನಮ್ಮ ಮುತ್ತಜ್ಜಿ ಹೆಸರರಿ ಇದು. ಆಕಿನ ಕಟ್ಟಿದ ಹಾಡು" ಎಂದರು. ನಾನು ಹಾಳೆಗೆ ಕೈಮುಗಿದೆ. ದಾರಿಯುದ್ದಕ್ಕೂ, ಹಾಡು ಕಟ್ಟಿದವಳು ಮುದಲಗಿಯವಳು ಎಂದು ಸಾರುತ್ತ ಬಂದೆ.

ಹೆಂಡತಿ ಕೇಳಿ, "ಕಟ್ಟಿದಾಕಿ ಸಿಕ್ಕಳು, ಚಲೋ ಆತು. ರಾಣಿ ಹೊಳಿ ದಾಟಿದಳೇನು?" ಎಂದಳು. ನಾನು ಮತ್ತೆ ಹುಡುಕಾಟಕ್ಕೆ ಹೊರಟೆ.

ಮರುವರ್ಷ ಹುಕ್ಕೇರಿಯ ಸಂತೆಯಿಂದ ಬಂದವರೊಬ್ಬರು, ಅಲ್ಲೊಂದು ಮನೆಯಲ್ಲಿ ಪೂರ್ತಿ ಪುಸ್ತಕವಿದೆ, ಆದರೆ ಹೊಸ್ತಿಲು ದಾಟಿಸುವುದಿಲ್ಲ ಎಂದರು. ಹಾಗಾದರೆ ಅಲ್ಲಿಯೇ ಕುಳಿತು ಬರೆದುಕೊಳ್ಳಬೇಕು. ನನ್ನಿಂದ ಆಗುವ ಕೆಲಸವೇ? ಐದನೆಯ ಇಯತ್ತೆಯಲ್ಲಿದ್ದ ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡೆ. ದಾರಿಯಲ್ಲಿ ಧುಪದಾಳದ ಒಡ್ಡಿನ ಮೇಲಿಂದ ನೀರು ಬೀಳುವುದನ್ನು ಅವಳು ಬಾಯಿ ತೆರೆದು ನೋಡಿದಳು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಹಳೆಯ ಜಾಹೀರಾತಿನ ಹಾಳೆಗಳ ಖಾಲಿ ಬೆನ್ನನ್ನು ಸೇರಿಸಿ ಹೊಲಿದುಕೊಂಡಿದ್ದೆವು.

ಹುಕ್ಕೇರಿಯ ಮನೆಯೊಡತಿ ಮಾತಿನಲ್ಲಿ ಗಟ್ಟಿ. "ಕಾಗದ ತಂದೀರಿ, ಶಾಯಿ ದೌತಿ ತಂದೀರಿ, ಕನ್ನಡಕ ತಂದೀರಿ. ಓದಾವರು ಎಲ್ಲಿ ಅದಾರರಿ ಅಜ್ಜಾರ?"

"ನಾನ ಓದತೇನ್ರಿ" ಎಂದಳು ನಮ್ಮ ಹುಡುಗಿ.

"ನೀನ? ಜಡಿ ಹಾಕ್ಕೊಳ್ಳಾಕರ ಬರ್ತೈತೇನ ನಿನಗ?"

"ಜಡಿ ಆಯಿ ಹಾಕತಾಳ್ರಿ. ಓದೂದು ನಾನ." ಆಯಿ ಎಂದರೆ ಅವಳ ಅಜ್ಜಿ, ನನ್ನ ಹೆಂಡತಿ.

ಆ ತಾಯಿ ನಕ್ಕು, ಕೈಕಾಲು ತೊಳೆಯಿಸಿ, ಪುಸ್ತಕ ಬಿಚ್ಚಿಟ್ಟರು. ಶಬ್ದಗಳ ನಡುವೆ ತೆರಪೇ ಇಲ್ಲದ ಬರಹ, ಇರುವೆ ಸಾಲಿನ ಹಾಗೆ. ಮೊದಲ ದಿನ ಹುಡುಗಿ ಒಂದು ಪುಟ ಓದಿ ಬರೆದುಕೊಳ್ಳುವಷ್ಟರಲ್ಲಿ ಬೆವತಳು. ಎರಡನೆಯ ದಿನ ಗುನುಗುತ್ತ ಓದಿದಳು. ಗುನುಗಿದರೆ ಶಬ್ದಗಳು ತಾವಾಗಿ ಬಿಡಿಸಿಕೊಳ್ಳುತ್ತವೆಂದು ಅವಳೇ ಕಂಡುಕೊಂಡಳು. ಮೂರನೆಯ ದಿನ ಕಡೆಯ ಹಾಳೆ. ಅಲ್ಲಿಯೂ ಒಬ್ಬ ಹೆಂಗಸಿನ ಹೆಸರು, ಆದರೆ ಹುಕ್ಕೇರಿಯವಳದು.

"ಮುದಲಗಿಯಾಕಿ ಕಟ್ಟಿದ್ದಲ್ಲ ಇದು?" ಎಂದೆ.

"ಅಜ್ಜಾ, ಸರಿಯಾಗಿ ಕೇಳು. ನೋಂಪಿ ಮುಗಿಸಿ ಈ ಪುಸ್ತಕ ದಾನಾ ಕೊಟ್ಟಾಕಿ ಅಂತ ಐತಿ. ಮುದಲಗಿ ಹಾಳ್ಯಾಗೂ ಹಿಂಗ ಇದ್ದೀತು. ಹಾಡ ಕಟ್ಟಿದವರ ಹೆಸರ ಎಲ್ಲೂ ಇಲ್ಲ."

ನಾನು ತಲೆಯ ಮೇಲೆ ಕೈಹೊತ್ತೆ. ಎಷ್ಟು ಊರಿಗೆ ಸಾರಿಬಿಟ್ಟಿದ್ದೆ! ತಿರುಗಿ ಬರುವಾಗ ಮಾತ್ರ ಬೇರೆಯೇ ವಿಚಾರ ಬಂತು. ಕಟ್ಟಿದವರು ಒಮ್ಮೆ ಕಟ್ಟಿ ಹೋದರು. ಆಮೇಲೆ ಇಂಥ ಹೆಂಗಸರು ಹಸಿದುಕೊಂಡು, ಬರೆಸಿ, ಕೊಟ್ಟು, ಹಾಡನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದಾರೆ. ಒಬ್ಬಳು ಬೇಸತ್ತಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಮುದಲಗಿಯ ಆ ಅಜ್ಜಿಗೆ ನಾನು ಕೈಮುಗಿದದ್ದು ತಪ್ಪೇನಲ್ಲ ಅನ್ನಿಸಿತು.

ಮನೆಯ ಬಾಗಿಲಲ್ಲಿಯೇ ಹೆಂಡತಿಯ ಅಪ್ಪಣೆಯಾಯಿತು: "ನೋಂಪಿ ದಿವಸನ ಕೇಳತೇನಿ. ಅಲ್ಲೀತನಕ ಇಬ್ಬರೂ ಬಾಯಿ ಬಿಟ್ಟೀರಿ!" ಇಪ್ಪತ್ತು ದಿನ ನಾನು ಹೇಗೆ ಸುಮ್ಮನಿದ್ದೆನೋ, ಬಸದಿಯ ದೇವರೇ ಬಲ್ಲ.

ಆ ದಿನ ಬಸದಿಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಪಕ್ಕದ ಓಣಿಯ ಕುರುಬರ ಮುದುಕಿಯೂ ಬಂದು ಕಂಬಕ್ಕೆ ಒರಗಿದ್ದಳು. ಮೊಮ್ಮಗಳು ಓದಿದಳು. ರಾಣಿ ದಂಡೆಗೆ ಬಂದಳು. ಅಂಬಿಗ ಬಂದು ಯಾರಮ್ಮ ನೀನು ಎಂದ. ರಾಣಿ ಎನ್ನಲಿಲ್ಲ ಅವಳು, ದಾಟುವವಳು ಎಂದಳು.

"ನಿಲ್ಲು, ಅದನ್ನ ಇನ್ನೊಮ್ಮಿ ಓದು" ಎಂದಳು ನನ್ನ ಹೆಂಡತಿ. ಮೂರು ಸಲ ಓದಿಸಿದಳು.

ಆಚೆ ದಂಡೆಯಲ್ಲಿ ರಾಣಿ ಹಾದಿಹೋಕರಿಗೆ ಅನ್ನವಿಕ್ಕುತ್ತಾಳೆ. ರಾಜ ಹಸಿದು ಬರುತ್ತಾನೆ. ಉಣ್ಣಿಸಿ ಕಳಿಸುತ್ತಾಳೆ, ತಾನು ಹಿಂತಿರುಗುವುದಿಲ್ಲ. ದೀಕ್ಷೆ ತೆಗೆದುಕೊಳ್ಳುತ್ತಾಳೆ. ಉಪಾಧ್ಯೆಯವರು ತಲೆ ಕೆರೆದುಕೊಂಡರು. ಕುರುಬರ ಮುದುಕಿ, "ಬೇಶ್ ಮಾಡಿದಳು" ಎಂದಳು.

ಕಡೆಯ ಹಾಳೆಯಲ್ಲಿ ದಾನ ಕೊಡುವವಳ ಹೆಸರು ಬರೆಯಬೇಕು. ಹೆಂಡತಿ ಒಪ್ಪಲಿಲ್ಲ. "ಬ್ಯಾಡ. ನೂರ ವರ್ಷದ ಮ್ಯಾಲ ನಿಮ್ಮ ಅಜ್ಜನಂಥಾವ ಒಬ್ಬ ಬಂದು, ಈ ಹಾಡ ಈಕಿನ ಕಟ್ಟ್ಯಾಳ ಅಂತ ಸಾರತಾನ."

"ಮತ್ತೇನ ಬರೀಲಿ ಆಯಿ?" ಎಂದಳು ಮೊಮ್ಮಗಳು.

"ಕಟ್ಟಿದವರು ಯಾರೋ ಗೊತ್ತಿಲ್ಲ ಅಂತ ಬರಿ. ನಾಗನೂರಾಗ ಒಬ್ಬಾಕಿ ಕಡೀತನಕ ಕೇಳಿದಳು ಅಂತ ಬರಿ. ಸಾಕು."

ಹುಡುಗಿ ಹಾಗೆಯೇ ಬರೆದಳು, ಪುಸ್ತಕ ಬಸದಿಗೆ ದಾನವಾಯಿತು. ಮರುದಿನ ಸೂರ್ಯ ಹುಟ್ಟಿದ ಮೇಲೆ ಉಪವಾಸ ಬಿಡುವ ಪಾರಣೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಂಡತಿ ಎರಡನೆಯ ಸಲ ಅನ್ನ ನೀಡಿಸಿಕೊಂಡು ಉಂಡಳು.