ಬಾಗಿಲಲ್ಲಿ ಕೊಟ್ಟ ಸೇವಂತಿಗೆ

ಪಕ್ಕದ ಫ್ಲ್ಯಾಟಿನ ಅಕ್ಕನ ಮೇಲೆ ಬಂದ ಸಿಟ್ಟು ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಯಿಂದ ಅಬುಧಾಬಿಯವರೆಗೂ ಇಳಿಯಲಿಲ್ಲ. ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ವಿಸಿಟ್ ವೀಸಾದಲ್ಲಿ ಕರೆಸಿಕೊಂಡ ಅಮ್ಮ ಮೂರು ವಾರದಿಂದ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ನೋಡುತ್ತಿದ್ದಳು. ಅಬುಧಾಬಿಯ ಜಪಾನಿ ಉದ್ಯಾನದಲ್ಲಿ ಸೇವಂತಿಗೆ ಹಬ್ಬವಿದೆ ಎಂದಾಗ ಮೊದಲ ಸಲ ತಾನಾಗಿ "ನಾವೂ ಹೋಗುವನಾ?" ಎಂದು ಕೇಳಿದಳು. ಹೊರಟಾಗ ಲಿಫ್ಟಿನಲ್ಲಿ ಸಿಕ್ಕಿದ ಈ ಅಕ್ಕ ಅಮ್ಮನ ಎದುರೇ, "ವರ್ಷ ಆಗ್ಲಿಲ್ಲಲ್ಲ ಮಾರಾಯ್ತಿ, ಹೂವಿನ ಹಬ್ಬಕ್ಕೆಲ್ಲ ಕರ್ಕೊಂಡು ಹೋಗುದಾ?" ಎಂದಳು.

"ಹೌದು, ಹೋಗುದು," ಎಂದೆ. ಅಷ್ಟಕ್ಕೇ ಬಿಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ. ಊರು ಬಿಟ್ಟು ಇಷ್ಟು ವರ್ಷವಾದರೂ, ಗಂಡ ಹೋದವಳಿಗೆ ಹೂ ಕೂಡದೆಂಬ ಶಾಸ್ತ್ರವನ್ನೂ ಗಂಟುಕಟ್ಟಿಕೊಂಡು ಬಂದಿದ್ದಾರಲ್ಲ! ಅವಳಿಗೆ ಹೇಳಬೇಕಿದ್ದುದನ್ನೆಲ್ಲ ಸ್ಟೀರಿಂಗ್ ಹಿಡಿದು ಅಮ್ಮನ ಎದುರು ಒದರಿದೆ. ಅಮ್ಮ "ಹೋಗ್ಲಿ ಬಿಡು" ಎಂದು ಕಿಟಕಿಯಾಚೆಯ ಮರಳು ನೋಡಿದಳು.

ಉದ್ಯಾನದ ಬಾಗಿಲಲ್ಲಿ ಕಿಮೋನೊ ತೊಟ್ಟ ಹುಡುಗಿಯೊಬ್ಬಳು ಬಂದ ಹೆಂಗಸರಿಗೆಲ್ಲ ಒಂದೊಂದು ಹಳದಿ ಸೇವಂತಿಗೆ ಮುಡಿಸುತ್ತಿದ್ದಳು. ನನಗೂ ಮುಡಿಸಿದಳು. ಇನ್ನೊಂದು ಹೂ ಎತ್ತಿಕೊಂಡು ಅಮ್ಮನ ಕಡೆ ತಿರುಗಿದಳು.

"ನೋ, ನೋ. ಶಿ ಡಸಂಟ್ ವೇರ್," ಎಂದುಬಿಟ್ಟೆ ನಾನು.

ಯಾರೂ ನನ್ನನ್ನು ಕೇಳಿರಲಿಲ್ಲ. ಅಲ್ಲಿ ಆ ಅಕ್ಕ ಇರಲಿಲ್ಲ, ಊರಿನ ಒಂದು ನರಪಿಳ್ಳೆಯೂ ಇರಲಿಲ್ಲ. ನಾಲಗೆ ನನ್ನದೇ. ಹುಡುಗಿ ತಬ್ಬಿಬ್ಬಾಗಿ ಕೈ ಹಿಂದೆಗೆದಳು. ಆಗ ನೋಡುತ್ತೇನೆ, ಅಮ್ಮ ಆಗಲೇ ಹೂವಿಗೆಂದು ತಲೆ ಬಗ್ಗಿಸಿ ನಿಂತಿದ್ದಳು. ಮೆಲ್ಲಗೆ ತಲೆಯೆತ್ತಿ, ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

ಒಳಗೆ ಕೊಳ, ಮರದ ಸೇತುವೆ, ಸಾಲುಸಾಲು ಸೇವಂತಿಗೆ. ನನ್ನ ಕಣ್ಣಿಗೆ ಒಂದೂ ಹತ್ತಲಿಲ್ಲ. ಒಳ್ಳೆಯ ಮಗಳೆಂದು ನೂರು ಕಿಲೋಮೀಟರ್ ಬೀಗಿಕೊಂಡು ಬಂದ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನಿಸಿತು. ಅಕ್ಕನನ್ನು ಬೈದ ಬಾಯಿಗೆ ಬೆಂಕಿ ಬೀಳಲಿ. ತಲೆಯ ಹೂ ಕಿತ್ತು ಬ್ಯಾಗಿಗೆ ತುರುಕಿದೆ. ಬಾಗಿಲಿಗೆ ಓಡಿಹೋಗಿ ಹುಡುಗಿಯಿಂದ ಇನ್ನೊಂದು ಕೇಳಿ ತಂದೆ. ಅಮ್ಮ ಕೊಳದ ಬದಿಯ ಬೆಂಚಿನಲ್ಲಿ ಕೂತಿದ್ದಳು.

"ತಪ್ಪಾಯ್ತಮ್ಮ. ತಲೆ ಬಗ್ಗಿಸು, ನಾನೇ ಮುಡಿಸ್ತೇನೆ."

ಅಮ್ಮ ಹೂವನ್ನು ನನ್ನ ಕೈಯಿಂದ ತೆಗೆದುಕೊಂಡು, ಒಮ್ಮೆ ಮೂಸಿ, ಮಡಿಲಲ್ಲಿಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಆ ಹುಡುಗಿಗೆ ನಾನು ಯಾರು, ಏನು ಅಂತ ಗೊತ್ತಿರ್ಲಿಲ್ಲ," ಎಂದಳು. "ಅದಕ್ಕೇ ತಲೆ ಬಗ್ಗಿಸಿದ್ದು. ನಿಂಗೆ ಗೊತ್ತುಂಟಲ್ಲ ಮಗಾ."