ಎಂಟನೆಯ ಒಂದು ಅಳತೆಯ ಕಾರು, ಇಂಡಿಯ ಲಿಂಬೆ

2023ರ ಅಕ್ಟೋಬರ್ 23, ಸೋಮವಾರ, ಬೆಳಿಗ್ಗೆ 5 ಗಂಟೆ 40 ನಿಮಿಷಕ್ಕೆ ಸಿಂದಗಿಯ ಪ್ರೇಮಕುಮಾರ ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ವರ್ನಿಯರ್ ಹಿಡಿದು, ಒಂದು ಪ್ಲಾಸ್ಟಿಕ್ ಕಾರಿನ ಮುಂಗಾಜಿನ ಎಡಗಂಬವನ್ನು ಅಳೆಯುತ್ತಿದ್ದ. ಕಂಬ ಮೊದಲು 54 ಮಿಲಿಮೀಟರ್ ಇತ್ತು. ಈಗ 53.1. ಮೂರು ಸಲ ಮುರಿದಿತ್ತು, ಮೂರು ಸಲ ತುದಿ ಕೆರೆದು ಕೂಡಿಸಿದ್ದ, ಪ್ರತಿ ಸಲವೂ 0.3 ಮಿಲಿಮೀಟರ್ ಕೆರೆತಕ್ಕೆ ಹೋಗಿತ್ತು. ಇಂದು ನಸುಕಿನಲ್ಲಿ ಅದು ಮತ್ತೆ ಬಿರುಕು ಬಿಟ್ಟಿತ್ತು. ಕೆರೆಯದೆ ಕೂಡಿಸಿ ನಿಲ್ಲಿಸಿದರೆ ಸರಿ. ಇನ್ನೊಮ್ಮೆ ಕೆರೆದರೆ ಕಂಬ 53ಕ್ಕಿಂತ ಗಿಡ್ಡವಾಗುತ್ತದೆ, ಮುಂಗಾಜು ಕೂಡುವುದಿಲ್ಲ, ನಾಲ್ಕು ವರ್ಷದ ಕೆಲಸ ಕಸವಾಗುತ್ತದೆ.

ಪ್ರೇಮಕುಮಾರನಿಗೆ ಐವತ್ತೆರಡು ವರ್ಷ. ವೃತ್ತಿ ಹಲ್ಲಿನ ಸೆಟ್ಟು ಮಾಡುವುದು. ಮನೆಯ ಮುಂದಿನ ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯೇ ಲ್ಯಾಬು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚುಗಳನ್ನು ಡಬ್ಬಿಯಲ್ಲಿಟ್ಟು ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ಮನುಷ್ಯರು ಬರುವುದಿಲ್ಲ, ಅವರ ದವಡೆ ಮಾತ್ರ ಬರುತ್ತದೆ. ಇಪ್ಪತ್ತೇಳು ವರ್ಷ ಬರೀ ದವಡೆ ನೋಡಿದವನಿಗೆ ಮನುಷ್ಯಕುಲದ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿದಿರಲಿಲ್ಲ. ತಂಗಡಗಿಯ ಒಬ್ಬ ಹಿರಿಯರ ಅಚ್ಚಿನಲ್ಲಿ ಅಡಿಕೆಯ ಚೂರು ಸಿಕ್ಕಿಕೊಂಡು ಬಂದಾಗ, ಅದನ್ನು ಚಿಮಟದಿಂದ ತೆಗೆದು, ಕಾಗದದಲ್ಲಿ ಸುತ್ತಿ, ಸೆಟ್ಟಿನ ಜೊತೆಗೇ ವಾಪಸು ಕಳಿಸಿದ್ದ. ಮೇಲೆ ಬರೆದಿದ್ದ: ‘ಮಾಲಕರದು.’

ಉಳಿದ ಹೊತ್ತು ಅವನು ಹಳೆಯ ಕಾರ್ ಕಿಟ್‌ಗಳನ್ನು ಕಟ್ಟುತ್ತಾನೆ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಹತ್ತಿಕೊಂಡ ನೂರಾರು ಬಿಡಿಭಾಗಗಳಿರುತ್ತವೆ. ಕತ್ತರಿಸಿ, ಅರದಿಂದ ತೀಡಿ, ಕೂಡಿಸಿ, ಬಣ್ಣ ಹಚ್ಚಬೇಕು. ಅವನು ಮುಟ್ಟುವುದು ನಿಜವಾದ ಕಾರಿನ ಎಂಟನೆಯ ಒಂದು ಅಳತೆಯವು ಮಾತ್ರ, ಅಂದರೆ ಮುಗಿದಾಗ ಕಾರು ಮೊಳಕ್ಕಿಂತ ಉದ್ದವಿರುತ್ತದೆ. 1975ಕ್ಕಿಂತ ಈಚಿನದನ್ನು ತಿರುಗಿಯೂ ನೋಡುವುದಿಲ್ಲ. ಸಣ್ಣ ಅಳತೆಯವು ಅವನ ಲೆಕ್ಕದಲ್ಲಿ ಚುರುಮುರಿ. ಕಿಟ್ಟಿನ ಜೊತೆ ಬರುವ ಸೂಚನೆಯ ಹಾಳೆಯನ್ನು ಒಮ್ಮೆ ಓದಿ, ತಪ್ಪುಗಳಿಗೆ ಕೆಂಪು ಗೆರೆ ಎಳೆದು, ಅರವತ್ತು ವರ್ಷದ ಹಿಂದೆ ಅದನ್ನು ಬರೆದ ಅಮೆರಿಕದವನಿಗೆ ಅಂಕ ಕೊಡುತ್ತಾನೆ. ಈವರೆಗೆ ಯಾರೂ ಪಾಸಾಗಿಲ್ಲ.

ಒಡೆಯದ ಪೆಟ್ಟಿಗೆಗಳನ್ನು ಕೂಡಿಡುವವರು ಅವನ ತಾತ್ಸಾರದ ತಳಮೆಟ್ಟಿಲಿನಲ್ಲಿದ್ದರು. ಸೊಲ್ಲಾಪುರದ ಸಂಜೀವಕುಮಾರ ಎಂಬ ಬಟ್ಟೆ ವ್ಯಾಪಾರಿ ಒಮ್ಮೆ ಅವನ ಕೆಲಸ ನೋಡಲು ಬಂದಿದ್ದ. ತನ್ನ ಬಳಿ ಸೀಲು ಒಡೆಯದ ನಲವತ್ತು ಕಿಟ್‌ಗಳಿವೆ ಎಂದು ಚಹಾ ಬರುವ ಮೊದಲೇ ಹೇಳಿದ.

“ಒಳಗ ಏನದಾವ ಅಂತ ನೋಡೀರೇನ್ರಿ?” ಎಂದು ಪ್ರೇಮಕುಮಾರ ಕೇಳಿದ.

“ಸೀಲ್ ಒಡದ್ರ ಕಿಮ್ಮತ್ತು ಹೋಗತೈತ್ರಿ.”

“ಹಂಗಾದ್ರ ಒಳಗ ಇಟ್ಟಂಗಿ ಇದ್ರೂ ನಿಮಗ ಗೊತ್ತಾಗೂದಿಲ್ಲ.”

“ಇಟ್ಟಂಗಿ ಯಾಕ ಇರ್ತಾವ್ರಿ?”

“ಇದ್ರ ಛಲೋ ಇತ್ರಿ. ಇಟ್ಟಂಗಿಯಿಂದ ಏನರ ಕಟ್ಟಬಹುದು.”

ಸಂಜೀವಕುಮಾರ ಚಹಾ ಕುಡಿದು ಹೋದ. ಮತ್ತೆ ಬರಲಿಲ್ಲ. ಅದು ಸಂಜೀವಕುಮಾರನ ಪುಣ್ಯ.

ಈಗಿನ ಕಾರು 1964ರ ಪೆಟ್ಟಿಗೆಯದು, ಎರಡು ಬಾಗಿಲಿನದು, ಮುಗಿದರೆ ಐವತ್ತೈದೂವರೆ ಸೆಂಟಿಮೀಟರ್ ಉದ್ದ. ವಿಜಯಪುರದ ಗುಜರಿ ವ್ಯಾಪಾರಿ ಗೈಬುಸಾಬ ಒಂದು ಹಳೆಯ ಮನೆಯ ಸಾಮಾನಿನೊಡನೆ ಅದನ್ನು ಎತ್ತಿ ತಂದಿದ್ದ. ಪೆಟ್ಟಿಗೆಯ ಮುಚ್ಚಳ ಇಲಿ ತಿಂದಿತ್ತು. ಮುಂಗಾಜಿನ ಎಡಗಂಬ ಆಗಲೇ ಸೀಳಿತ್ತು. ಇನ್ನೊಂದು ಸಿಗುವುದಿಲ್ಲ. ಸಿಕ್ಕರೂ ಅದು ಯಾರದೋ ಕಪಾಟಿನಲ್ಲಿ ಸೀಲಿನೊಳಗಿರುತ್ತದೆ.

ಈ ಜಾತಿಯ ಪ್ಲಾಸ್ಟಿಕ್ಕಿಗೆ ಹಚ್ಚುವುದು ನಿಜವಾಗಿ ಅಂಟಲ್ಲ. ಅದು ಎರಡೂ ತುದಿಗಳನ್ನು ಸ್ವಲ್ಪ ಕರಗಿಸುತ್ತದೆ, ಕರಗಿದ ಭಾಗಗಳು ಬೆರೆತು, ಆರಿದಾಗ ಒಂದೇ ತುಂಡಾಗುತ್ತವೆ. ಹೊಸ ಪ್ಲಾಸ್ಟಿಕ್ ಇದನ್ನು ತಡೆಯುತ್ತದೆ. ಅರವತ್ತು ವರ್ಷದ್ದು ತಡೆಯುವುದಿಲ್ಲ. ದ್ರಾವಕ ತೀಕ್ಷ್ಣವಾದರೆ ಕೂಡಿದ ಜಾಗದ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಏಳುತ್ತದೆ. ಪ್ರೇಮಕುಮಾರ ಮೊದಲು ವಿದೇಶದ ದ್ರಾವಕ ಹಾಕಿದ, ಬಿರುಕು ಬಿಟ್ಟಿತು. ಸೆಟ್ಟಿಗೆ ಬಳಸುವ ತನ್ನದೇ ದ್ರವ ಹಾಕಿದ, ಅದು ಇನ್ನೂ ತೀಕ್ಷ್ಣ. ಮೂರನೆಯ ಸಲ ಮತ್ತೆ ವಿದೇಶದ್ದನ್ನೇ ಕಡಿಮೆ ಹಾಕಿದ. ಫಲಿತಾಂಶ ಮೇಲೆ ಹೇಳಿದೆ. ಮೂರೂ ಸಲ ಅವನು ಬೈದದ್ದು ಕಿಟ್ಟಿನ ಕಂಪನಿಯನ್ನು.

ಅಂದು ಖಂಡೇನವಮಿ, ಆಯುಧಪೂಜೆಯ ದಿನ. ಹತ್ತು ಗಂಟೆಗೆ ಅಕ್ಕ ಸುನಂದಾ ತವರಿಗೆ ಬಂದಳು. ಆಕೆಯನ್ನು ಇಂಡಿ ಪಟ್ಟಣದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಗಂಡ ಕಲ್ಮೇಶನದು ಆರು ಎಕರೆ ಲಿಂಬೆ ತೋಟ. ಬರುವಾಗ ಒಂದು ಚೀಲ ಲಿಂಬೆ ತಂದಿದ್ದಳು. ಆಗ ಪ್ರೇಮಕುಮಾರ ಬಸ್ಸಿಗೆ ಬಂದ ಅಚ್ಚುಗಳನ್ನು ತರಲು ಹೋಗಿದ್ದ. ಅವನ ಹೆಂಡತಿ ಪಲ್ಲವಿ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಸುನಂದಾ ಲ್ಯಾಬಿನ ಇಕ್ಕಳ, ಅರ, ಮೋಟಾರು ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿದಳು. ಮೂಲೆಯ ಮೇಜಿನ ಮೇಲೆ ಕಾರು ಕಂಡಿತು. ಮೇಲ್ಭಾಗ ಬೇರೆ ಇತ್ತು, ತಳಭಾಗ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು. ಆಕೆ ಲಿಂಬೆ ಹೆಚ್ಚಿ, ಹೋಳುಗಳಿಗೆ ಕುಂಕುಮ ತುಂಬಿ, ನಾಲ್ಕೂ ಗಾಲಿಗಳ ಕೆಳಗಿಟ್ಟಳು. ಕಾರಿನ ಭಾರಕ್ಕೆ ಹೋಳು ಅಪ್ಪಚ್ಚಿಯಾಗಲಿಲ್ಲವಾದ್ದರಿಂದ ಗಾಲಿಗೇ ಒತ್ತಿ ಕೈಯಿಂದ ಹಿಂಡಿದಳು.

ಪ್ರೇಮಕುಮಾರ ಬಂದು ನೋಡಿದ. ದನಿ ಎತ್ತಲಿಲ್ಲ. ಅವನು ದನಿ ಎತ್ತುವವನಲ್ಲ, ಅದೇ ಅವನ ಕೆಟ್ಟ ಗುಣ.

“ಅಕ್ಕಾ, ಈ ಖೋಲ್ಯಾಗ ಕಾಲಿಡಾಕ ಬುದ್ಧಿ ಬೇಕು. ಅದು ನಿಮ್ಮ ಮನ್ಯಾಗ ಯಾರಿಗೂ ಇಲ್ಲ.”

“ಗಾಡಿ ಪೂಜಿ ಮಾಡೀನಿ. ಏನ್ ತಪ್ಪಾತು?”

“ಇದಕ್ಕ ಯಾರರ ಲಿಂಬಿ ಹಿಂಡತಾರೇನು? ಇದೇನು ಚುರುಮುರಿ ಅಂತ ತಿಳದಿಯೇನು?”

“ನಮ್ಮನಿಯವರು ಆಟಗಿ ಸಾಮಾನ ಅಂದಾಗೆಲ್ಲ, ಆಟಗಿ ಅಲ್ರಿ, ಗಾಡಿ ಅಂತ ಇಪ್ಪತ್ತು ವರ್ಷ ಹೇಳಿದಾಂವ ನೀನ,” ಎಂದಳು ಸುನಂದಾ. “ಈಗ ಹೇಳು. ಗಾಡಿ ಹೌದೋ ಅಲ್ಲೋ?”

ಉತ್ತರವಿಲ್ಲದಾಗ ಸುಮ್ಮನಿರುವ ಪದ್ಧತಿ ಅವನಲ್ಲಿ ಇರಲಿಲ್ಲ.

“ಓದಿದವರಿಗೆ ಹೇಳಬಹುದು. ಲಿಂಬಿ ಎಣಿಸೋರಿಗೆ ಏನ್ ಹೇಳೂದು,” ಎಂದ.

ಪಲ್ಲವಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಹಬ್ಬದ ದಿವಸ ಏನ್ ಮಾತಾಡಾಕತ್ತೀರಿ ನೀವು,” ಎಂದಳು. ಸುನಂದಾ ಚಪ್ಪಲಿ ಮೆಟ್ಟಿದ್ದಳು. ಹೋಳಿಗೆ ಮುಟ್ಟದೆ ಹನ್ನೆರಡೂವರೆಯ ಬಸ್ಸಿಗೆ ಹೋದಳು. ಖಾಲಿ ಚೀಲವನ್ನೂ ಬಿಟ್ಟು ಹೋಗಲಿಲ್ಲ, ಲಿಂಬೆಯನ್ನು ಮಾತ್ರ ನೆಲಕ್ಕೆ ಸುರಿದು ಹೋದಳು.

ಪ್ರೇಮಕುಮಾರ ಹಟಕ್ಕೆ ಹೋಳುಗಳನ್ನು ತೆಗೆಯಲಿಲ್ಲ. ಅಕ್ಕನ ಮೂರ್ಖತನಕ್ಕೆ ಅವು ಸಾಕ್ಷಿ ಎಂದು ಇಡೀ ದಿನ ಹಾಗೇ ಬಿಟ್ಟ. ಮರುದಿನ ಕುಂಕುಮ ತೊಳೆಯಲು ಕುಳಿತಾಗ ಮುಂದಿನ ಬಲ ಗಾಲಿಯ ಮುಚ್ಚಳ ಕೈಗೆ ಬರಲಿಲ್ಲ. ಅದನ್ನು ಅವನು ಏನೂ ಹಚ್ಚದೆ ಸುಮ್ಮನೆ ಕೂರಿಸಿದ್ದ. ಮಸೂರದಲ್ಲಿ ನೋಡಿದ. ಮುಚ್ಚಳ ಮತ್ತು ಗಾಲಿಯ ನಡುವೆ ಗೆರೆಯೇ ಇರಲಿಲ್ಲ. ತೆಳುವಾದ ಚೂರಿ ತೂರಿಸಿ ಮೀಟಿದಾಗ ಗಾಲಿ ಬೇರೆ ಕಡೆ ಸೀಳಿತು, ಕೂಡಿದ ಜಾಗ ಬಿಡಲಿಲ್ಲ. ಪಕ್ಕದಲ್ಲಿ ಒಂದೂ ಕೂದಲೆಳೆಯ ಬಿರುಕಿಲ್ಲ.

ಲಿಂಬೆ, ಕಿತ್ತಳೆಯ ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಇರುತ್ತದೆ. ಅದು ಈ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಆದರೆ ನಿಧಾನವಾಗಿ. ಕಾಲೇಜುಗಳಲ್ಲಿ ಇದೇ ಜಾತಿಯ ಥರ್ಮಾಕೋಲಿನ ಮೇಲೆ ಸಿಪ್ಪೆ ಹಿಂಡಿ ಇದನ್ನು ಹುಡುಗರಿಗೆ ತೋರಿಸುತ್ತಾರೆ. ದಿನವೂ ದ್ರಾವಕದಲ್ಲಿ ಕೈಯಾಡಿಸುವ, ಜಗತ್ತಿಗೆಲ್ಲ ಅಂಕ ಕೊಡುವ ಮನುಷ್ಯನಿಗೆ ಇದು ಗೊತ್ತಿರಲಿಲ್ಲ ಎಂಬುದು ನಾಚಿಕೆಯ ವಿಷಯ. ಅವನಿಗೆ ನಾಚಿಕೆಯಾಗಲಿಲ್ಲ. ಪ್ರಯೋಗ ಶುರು ಮಾಡಿದ, ಅದೊಂದು ಅವನಲ್ಲಿ ಒಳ್ಳೆಯದು.

ಕಿಟ್ಟಿನ ಉಳಿದ ಚೌಕಟ್ಟಿನಿಂದ ಒಂದೇ ದಪ್ಪದ ಪಟ್ಟಿಗಳನ್ನು ಕತ್ತರಿಸಿ, ಅಕ್ಕ ಸುರಿದು ಹೋದ ಲಿಂಬೆಯ ಸಿಪ್ಪೆ ಹಿಂಡಿ ಕೂಡಿಸಿ ನೋಡಿದ. ರಸ ಬೆರೆತರೆ ಕೂಡುವುದಿಲ್ಲ, ಆ ಒಂದು ಗಾಲಿಗೆ ಬರೀ ಸಿಪ್ಪೆಯ ಎಣ್ಣೆ ಸಿಡಿದಿರಬೇಕು. ಎಣ್ಣೆಯನ್ನು ಗಾಜಿನ ನಳಿಕೆಯಲ್ಲಿ ನಿಲ್ಲಿಸಿ, ಮೇಲೆ ತೇಲುವುದನ್ನು ಮಾತ್ರ ಸಿರಿಂಜಿನಲ್ಲಿ ಎಳೆದುಕೊಳ್ಳಬೇಕು. ಇಷ್ಟು ತಿಳಿಯುವಷ್ಟರಲ್ಲಿ ಲಿಂಬೆ ಮುಗಿದವು. ಸಿಂದಗಿಯ ಸಂತೆಯ ಲಿಂಬೆ ತಂದ. ಅವು ಹಳದಿಯಾಗಿ ಸಿಪ್ಪೆ ಒಣಗಿದ್ದವು, ಎಂಬತ್ತು ಹಿಂಡಿದರೂ ನಳಿಕೆಯ ತಳ ಮುಚ್ಚಲಿಲ್ಲ.

“ಗಿಡದಿಂದ ಹರದದ್ದ ಬೇಕು,” ಎಂದ ಹೆಂಡತಿಗೆ.

“ಗಿಡ ಯಾರ ಮನ್ಯಾಗ ಅದಾವ ಅಂತ ಗೊತ್ತೈತಲ್ರಿ,” ಎಂದಳು ಪಲ್ಲವಿ, ಅಕ್ಕಿ ಆರಿಸುತ್ತ.

ಹತ್ತು ದಿನ ತಡೆದ. ಆ ಹತ್ತು ದಿನ ಕಂಬ ಬಿರುಕಿನೊಡನೆ ಒಂದು ಸಣ್ಣ ಕ್ಲಿಪ್ಪಿನ ಹಿಡಿತದಲ್ಲಿ ನಿಂತಿತ್ತು. ನವೆಂಬರ್ 4ರ ಶನಿವಾರ ಮಧ್ಯಾಹ್ನ ಅಕ್ಕನ ಊರಿಗೆ ಹೋದ. ಕಲ್ಮೇಶ ಅಂಗಳದಲ್ಲಿ ತನ್ನ ಹೊಸ ಕಾರನ್ನು ತೊಳೆಯುತ್ತಿದ್ದ. ಪ್ರೇಮಕುಮಾರನ ಕಣ್ಣು ಮೊದಲು ಹೋದದ್ದು ಅದರ ಬಾಗಿಲಿನ ಸಂದಿಗೆ. ಮೇಲೆ ಅಗಲ, ಕೆಳಗೆ ಕಿರಿದು. ಈ ಸಲ ಮಾತ್ರ ಬಾಯಿ ಬಿಡಲಿಲ್ಲ.

“ಬರ್ರಿ ಹಲ್ಲಿನ ಸಾಹೇಬ್ರ,” ಎಂದ ಕಲ್ಮೇಶ. “ಲಿಂಬಿ ಎಣಿಸೋರ ಮನಿಗಿ ದಾರಿ ಹೆಂಗ ಸಿಕ್ತು?”

“ಮಾಮಾ, ಅರವತ್ತು ಲಿಂಬಿ ಬೇಕಾಗಿದ್ವುರಿ. ಹಸರು, ಗಿಡದ ಮ್ಯಾಲಿನವು.”

ಸುನಂದಾ ಒಳಗಿನಿಂದಲೇ ಕೇಳಿದಳು: “ಯಾಕ, ಗಾಡಿ ಪೂಜಿ ಮಾಡತಿಯೇನು?”

ಆಕೆ ನೀರು ತಂದಿಟ್ಟಳು, ಕೂಡು ಎನ್ನಲಿಲ್ಲ. ಅವನು ನಿಂತೇ ಲಿಮೊನೀನ್, ಕರಗುವಿಕೆ, ಬಿರುಕು, 53.1 ಮಿಲಿಮೀಟರ್ ಎಲ್ಲ ವಿವರಿಸಿದ. ಅಕ್ಕನಲ್ಲಿ ಕೇಳಲು ಬಂದದ್ದನ್ನು ಅಕ್ಕನಿಗೆ ಪಾಠ ಮಾಡುವ ಹಾಗೆ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಅಂದ್ರ ನಿನಗ ರಸ ಬ್ಯಾಡ, ಸಿಪ್ಪಿ ಎಣ್ಣಿ ಬೇಕು.”

“ಹೌದು.”

“ಮತ್ತ ಈಗ ಮಧ್ಯಾಹ್ನ ಬಂದೀಯಲ್ಲ, ನಿನಗ ಬುದ್ಧಿ ಐತೇನು?”

ಅವನು ಕೈಗಡಿಯಾರ ನೋಡಿಕೊಂಡ.

“ಇಬ್ಬನ್ಯಾಗ ಲಿಂಬಿ ಹರದ್ರ ಕೈ ಬಿದ್ದಲ್ಲಿ ಎಣ್ಣಿ ಒಡದು, ಸಿಪ್ಪಿ ಸುಟ್ಟಂಗ ಕಲಿ ಬೀಳತಾವ. ಅದಕ್ಕ ನಾವು ಬಿಸಲು ಏರಿ ಇಬ್ಬನಿ ಆರಿದ ಮ್ಯಾಲ ಹರೀತೇವಿ. ಮಾರೋರಿಗೆ ಎಣ್ಣಿ ಒಡೀಬಾರದು. ನಿನಗ ಒಡೀಬೇಕಲ್ಲ? ಹಂಗಾದ್ರ ನಸಕಿನ್ಯಾಗ ಹರೀಬೇಕು. ಇಷ್ಟು ಓದಿ ಇದು ಗೊತ್ತಿಲ್ಲೇನು?”

ಕಲ್ಮೇಶ ಬಕೆಟ್ಟಿನ ಮೇಲೆ ಬಾಗಿ ನಕ್ಕ.

ಆಕೆ ಹೇಳಿದ್ದು ಸರಿಯಾಗಿತ್ತು. ರಾತ್ರಿಯ ತಂಪಿಗೆ ನೀರು ತುಂಬಿ ಬಿಗಿದ ಸಿಪ್ಪೆಯಲ್ಲಿ ಎಣ್ಣೆಯ ಗುಳ್ಳೆಗಳು ಸ್ವಲ್ಪ ಒತ್ತಿದರೂ ಒಡೆಯುತ್ತವೆ. ತೋಟದವರಿಗೆ ಇದು ನಷ್ಟದ ವಿಷಯ, ಆದ್ದರಿಂದ ಅವರಿಗೆ ಬಾಯಿಪಾಠ. ಪ್ರೇಮಕುಮಾರ ಅಲ್ಲೇ ಉಳಿದ. ಭಾನುವಾರ 6 ಗಂಟೆ 10 ನಿಮಿಷಕ್ಕೆ ಅಕ್ಕ ತಮ್ಮ ಇಬ್ಬರೂ ಗಿಡದ ಕೆಳಗಿದ್ದರು. ಆಕೆ ಸ್ಟೀಲಿನ ತಾಟು ಹಿಡಿದು, ಸಿಪ್ಪೆಯನ್ನು ಹೊರಮೈ ಕೆಳಗಾಗಿ ಮಡಚಿ ಚಿವುಟುತ್ತಿದ್ದಳು. ಅವನು ಬೆರಳ ತುದಿಯಿಂದ ಹಿಂಡುತ್ತಿದ್ದ.

“ಹಂಗಲ್ಲ. ಹಲ್ಲು ಕೀಳಾಕತ್ತೀಯೇನು? ಮಡಚು,” ಎಂದು ಎರಡು ಸಲ ಕೈ ತಟ್ಟಿದಳು. ಅವನು ಮಡಚಿದ.

ಅರವತ್ತು ಲಿಂಬೆಗೆ 0.8 ಮಿಲಿಲೀಟರ್ ಬಂತು. ಹತ್ತೂವರೆಯ ಬಸ್ಸಿಗೆ ಅವನು ಹೊರಟಾಗ ಆಕೆ ಸಿಪ್ಪೆ ಸುಲಿದ ಲಿಂಬೆಗಳನ್ನು ಉಪ್ಪಿಗೆ ಹಾಕುತ್ತಿದ್ದಳು, ಹೊರಗೆ ಬರಲಿಲ್ಲ. ಖಂಡೇನವಮಿಯ ಜಗಳದ ಮಾತನ್ನು ಇಬ್ಬರೂ ನೇರವಾಗಿ ಎತ್ತಿರಲಿಲ್ಲ. ಆಕೆ ಅವನ ಒಂದು ಮಾತಿಗೆ ಕಾಯುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಅವನು ದಡ್ಡನಲ್ಲ.

ಅಂದು ಸಂಜೆ ಅವನು ಬಿರುಕಿಗೆ ಕುಂಚದ ಒಂದೇ ಕೂದಲಿನಿಂದ ಎಣ್ಣೆ ಮುಟ್ಟಿಸಿದ. ಅದು ತಾನಾಗಿ ಒಳಗೆ ಎಳೆದುಕೊಂಡು ಹೋಯಿತು. ಕೆರೆಯಲಿಲ್ಲ. ಅದೇ ಹೊತ್ತಿಗೆ ಆರು ಪಟ್ಟಿಗಳನ್ನು ಕೂಡಿಸಿದ, ಮೂರಕ್ಕೆ ವಿದೇಶದ ದ್ರಾವಕ, ಮೂರಕ್ಕೆ ಲಿಂಬೆಯ ಎಣ್ಣೆ. ಮೂರೂವರೆ ದಿನ ಯಾವುದನ್ನೂ ಮುಟ್ಟಲಿಲ್ಲ. ಗುರುವಾರ ಬೆಳಿಗ್ಗೆ ಕ್ಲಿಪ್ಪು ಬಿಚ್ಚಿ, ಎಪ್ಪತ್ತು ಗ್ರಾಂ ತೂಗುವ ಮೇಲ್ಛಾವಣಿಯ ಭಾರವನ್ನು ಕಂಬದ ಮೇಲೆ ಬಿಟ್ಟ. ಕಂಬ ನಿಂತಿತು. ಅಳೆದ, 53.1. ಮುಂಗಾಜನ್ನು ಕೂರಿಸಿದ. ಕೂಡಿತು. ಆಮೇಲೆ ಪ್ರತಿ ಪಟ್ಟಿಯ ಒಂದು ತುದಿಯನ್ನು ಇಕ್ಕಳದಲ್ಲಿ ಬಿಗಿದು, ಇನ್ನೊಂದು ತುದಿಗೆ ಚೀಲ ತೂಗಿಬಿಟ್ಟು, ಮುರಿಯುವವರೆಗೆ ಚಮಚ ಚಮಚ ಪ್ಲಾಸ್ಟರಿನ ಪುಡಿ ಹಾಕಿದ. ಮೂರು ಮೂರರ ಸರಾಸರಿ ತೆಗೆದು ಬರೆದುಕೊಂಡ.

ಪಲ್ಲವಿ ಚಹಾ ತಂದಾಗ ಅವನು ಫೋನ್ ಹಿಡಿದು ಕುಳಿತಿದ್ದ, ಕರೆ ಮಾಡಿರಲಿಲ್ಲ. ಆಕೆ ಅವನ ಕೈಯಿಂದ ಫೋನ್ ತೆಗೆದುಕೊಂಡು, ಸುನಂದಾಳ ನಂಬರು ಒತ್ತಿ, ವಾಪಸು ಕೊಟ್ಟು ಹೋದಳು.

“ನಿಂತತೇನು?” ಎಂದಳು ಸುನಂದಾ.

“ನಿಂತತಿ.”

“ಛಲೋ ಆತು. ಮತ್ತೇನರ ಹೇಳೂದೈತೇನು?”

ತಪ್ಪಾಯಿತು ಎಂಬುದು ಸಣ್ಣ ಶಬ್ದ. ಊರೂರಿನ ಬಾಯಿಗಳಿಗೆ ಹಲ್ಲು ಹೊಂದಿಸಿದವನಿಗೆ ಅದನ್ನು ತನ್ನ ಬಾಯಿಗೆ ಹೊಂದಿಸುವುದು ಆಗಲಿಲ್ಲ. ಆಕೆ ಫೋನ್ ಇಡಲೂ ಇಲ್ಲ. ಅವನು ಮುಂದಿದ್ದ ಕಾಗದವನ್ನು ನೋಡಿದ.

“ಅಕ್ಕಾ,” ಎಂದ, “ನನ್ನದು ಇನ್ನೂರಾ ಎಪ್ಪತ್ತು ಗ್ರಾಮಿಗೆ ಮುರೀತು. ನಿಂದು ನಾಕ್ನೂರಾ ಹತ್ತು.”